ನೀರು ಕುದಿಯಲೇಬೇಕು: ಓಹಿಯೋದ ಒಂದು ಬ್ರಿಟಿಷ್ ಟೀ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಹಾಕಲಾ ಎಂದು ಮಾಲಕಿಯನ್ನೇ ಕೇಳಿದೆ. "ಟೀ ಬಗ್ಗೆ ಮಾತ್ರ ಬರೆಯೋದಾದರೆ ಹಾಕು. ರಾಣಿ ವಿಷಯ ಬರೆಯೋದಾದರೆ ಬೇಡ. ನನ್ನ ಗಿರಾಕಿಗಳಿಗೆ ಬೇಜಾರಾಗಬಾರದು" ಎಂದರು. ಬ್ರಿಟನ್ನಿನ ರಾಣಿ ಎಲಿಜಬೆತ್ ವಿಷಯ ಬಿಟ್ಟು ಈ ಅಂಗಡಿಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಹಾಗಾಗಿ ಹೆಸರಿಲ್ಲ. ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಸಣ್ಣ ಊರು, ಒಂದೇ ದೊಡ್ಡ ರಸ್ತೆ, ಕೋರ್ಟ್ ಕಟ್ಟಡದ ಎದುರಿಗಿರುವ ಸಾಲು. ಹೋಗಬೇಕು ಅನ್ನಿಸಿದವರು ನನ್ನನ್ನು ಕೇಳಿ, ದಾರಿ ಹೇಳುತ್ತೇನೆ.

ಮುಂದಿನ ಅರ್ಧ ದಿನಸಿ ಅಂಗಡಿ, ಹಿಂದಿನ ಅರ್ಧ ಟೀ ರೂಮ್. ಒಟ್ಟು ಎಂಟು ಮೇಜು. ದಿನಸಿ ಕಪಾಟಿನಲ್ಲಿ ಯಾರ್ಕ್‌ಶೈರ್ ಟೀ, ಪಿಜಿ ಟಿಪ್ಸ್ ಟೀ, ಬ್ರೆಡ್ಡಿಗೆ ಸವರುವ ಮಾರ್ಮೈಟ್, ಬ್ರಾನ್ಸ್ಟನ್ ಪಿಕಲ್, ಡೈಜೆಸ್ಟಿವ್ ಬಿಸ್ಕತ್ತು, ಎಚ್‌ಪಿ ಸಾಸ್. ಇವೆಲ್ಲ ಎಡಗಡೆ. ಬಲಗಡೆ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಹಾಗೆ, ರಾಜಮನೆತನದ ಕಪಾಟು ಇದೆ. ರಾಣಿಯ ಮೊಮ್ಮಗ ವಿಲಿಯಂನ 2011ರ ಮದುವೆಯ ತಟ್ಟೆ, ಅವನ ತಮ್ಮ ಹ್ಯಾರಿಯ 2018ರ ಮದುವೆಯ ಪಾತ್ರೆ ಒರೆಸುವ ಬಟ್ಟೆ, ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷವಾದ 2022ರ ಪ್ಲಾಟಿನಂ ಜುಬಿಲಿಯ ಬಿಸ್ಕತ್ತಿನ ಡಬ್ಬಿ, ರಾಣಿಯ ಮಗ ಚಾರ್ಲ್ಸ್‌ನ 2023ರ ಪಟ್ಟಾಭಿಷೇಕದ ಮಗ್ಗು. ಅಂಗಡಿಗೆ ಬಂದ ಅಮೆರಿಕನ್ನರು ಮೊದಲು ತಿರುಗುವುದು ಬಲಕ್ಕೆ. ಮಾಲಕಿ ಆ ಕಡೆ ಹೋಗುವುದು ಧೂಳು ಒರೆಸಲು ಮಾತ್ರ.

ಅವರು ಇಂಗ್ಲೆಂಡಿನವರು. ಯಾರ್ಕ್‌ಶೈರ್‌ನ ಬಾರ್ನ್ಸ್ಲಿ ಹತ್ತಿರದ ಒಂದು ಕಲ್ಲಿದ್ದಲು ಗಣಿಯ ಹಳ್ಳಿ. ಹುಟ್ಟಿದ್ದು 1968ರಲ್ಲಿ. ಅಮೆರಿಕದವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಎಲ್ಲರನ್ನೂ "ಲವ್" ಎಂದು ಕರೆಯುತ್ತಾರೆ, ಪೋಸ್ಟ್ ತರುವ ಹುಡುಗನನ್ನೂ. ಅವರ ಊರಿನಲ್ಲಿ ಅದು ನಮ್ಮ "ಕಣಪ್ಪಾ, ಕಣಮ್ಮಾ" ಇದ್ದ ಹಾಗೆ.

ಈಗ ಟೀ ವಿಷಯ. ನಾನು ಅಮೆರಿಕಕ್ಕೆ ಬಂದ ಮೇಲೆ ಹೊರಗಡೆ ಟೀ ಕುಡಿಯುವುದನ್ನೇ ಬಿಟ್ಟಿದ್ದೆ. ಹೋಟೆಲಿನಲ್ಲಿ ಟೀ ಕೇಳಿದರೆ ಒಂದು ಲೋಟ ಉಗುರುಬೆಚ್ಚಗಿನ ನೀರು, ಪಕ್ಕದಲ್ಲಿ ಕಾಗದದ ಚೀಲದಲ್ಲಿ ಒಂದು ಟೀ ಬ್ಯಾಗು. ಎಷ್ಟು ಹೊತ್ತು ಅದ್ದಿದರೂ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಈ ಅಂಗಡಿಯಲ್ಲಿ ಮೊದಲ ಸಲ ಟೀ ಬಂದಾಗ ಹಬೆಯಿಂದ ನನ್ನ ಕನ್ನಡಕ ಮಂಜಾಯಿತು. ಆಗಲೇ ಗೊತ್ತಾಯಿತು, ಇಲ್ಲಿ ಯಾರೋ ಟೀ ಗೊತ್ತಿರುವವರು ಇದ್ದಾರೆ ಅಂತ.

ಅವರು ಟೀ ಮಾಡುವುದನ್ನು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಕರೆಂಟಿನ ಕೆಟಲ್ ಇಟ್ಟಿಲ್ಲ. ಇಂಗ್ಲೆಂಡಿನಲ್ಲಿ ಮನೆ ಕರೆಂಟು 230 ವೋಲ್ಟ್, ಅಲ್ಲಿನ ಕೆಟಲ್ 3,000 ವ್ಯಾಟ್‌ವರೆಗೂ ಇರುತ್ತದೆ. ಇಲ್ಲಿ 120 ವೋಲ್ಟ್, ಕೆಟಲ್ 1,500 ವ್ಯಾಟ್. ಅದೇ ನೀರು ಕುದಿಯಲು ಹೆಚ್ಚೂಕಡಿಮೆ ಎರಡರಷ್ಟು ಹೊತ್ತು ಬೇಕು. ಅದಕ್ಕೆ ಅವರು ಗ್ಯಾಸ್ ಒಲೆಯ ಮೇಲೆ ಎರಡು ದೊಡ್ಡ ಕೆಟಲ್ ಇಟ್ಟಿದ್ದಾರೆ. ಒಂದು ಯಾವಾಗಲೂ ಕುದಿಯುತ್ತಾ ಇರುತ್ತದೆ, ಇನ್ನೊಂದು ಕಾಯುತ್ತಾ ಇರುತ್ತದೆ. ಇಲ್ಲಿನ ನೀರು ಗಡಸು ಅಂತ ಫಿಲ್ಟರ್ ಹಾಕಿಸಿದ್ದಾರೆ. ಟೀಪಾಟು ಕಂದು ಬಣ್ಣದ್ದು, ಗುಂಡಗೆ, ಬ್ರೌನ್ ಬೆಟ್ಟಿ ಅಂತ ಕರೆಯುತ್ತಾರೆ. ಇಂಗ್ಲೆಂಡಿನ ಸ್ಟೋಕ್ ಕಡೆಯ ಕೆಂಪು ಜೇಡಿಮಣ್ಣಿನಲ್ಲಿ ಮಾಡಿದ್ದು. ಆ ಮಣ್ಣು ಬಿಸಿ ಹಿಡಿದುಕೊಳ್ಳುತ್ತದೆ. ಹೊಟ್ಟೆ ಗುಂಡಗಿರುವುದರಿಂದ ಎಲೆಗಳಿಗೆ ಒಳಗೆ ಓಡಾಡಲು ಜಾಗ ಸಿಗುತ್ತದೆ. ಮೊದಲು ಪಾಟಿಗೆ ಸ್ವಲ್ಪ ಕುದಿನೀರು ಹುಯ್ದು, ಸುತ್ತಲೂ ಅಲ್ಲಾಡಿಸಿ, ಚೆಲ್ಲುತ್ತಾರೆ. ಆಮೇಲೆ ಎಲೆ. ಕೆಟಲ್ ಹತ್ತಿರಕ್ಕೆ ಪಾಟು ತೆಗೆದುಕೊಂಡು ಹೋಗುತ್ತಾರೆಯೇ ಹೊರತು ಪಾಟಿನ ಹತ್ತಿರಕ್ಕೆ ಕೆಟಲ್ ತರುವುದಿಲ್ಲ. ಆ ನಾಲ್ಕು ಹೆಜ್ಜೆಯಲ್ಲಿ ನೀರು ಆರುತ್ತದಂತೆ. ಮುಚ್ಚಳ ಹಾಕಿ, ಮೇಲೆ ಹೆಣೆದ ಉಣ್ಣೆಯ ಟೋಪಿ ಹಾಕಿ, ನಾಲ್ಕು ನಿಮಿಷ. ನಾಲ್ಕು ಎಂದರೆ ನಾಲ್ಕೇ. ಗಡಿಯಾರ ನೋಡುತ್ತಾರೆ.

ಒಮ್ಮೆ ಸಹಾಯಕ್ಕಿದ್ದ ಕಾಲೇಜು ಹುಡುಗಿ ಕುದಿ ಬರುವ ಮೊದಲೇ ನೀರು ಹುಯ್ದಳು. ಮಾಲಕಿ ಆ ಪಾಟನ್ನು ಸುಮ್ನೆ ಸಿಂಕಿಗೆ ಬಗ್ಗಿಸಿದರು. ಬೈಯಲಿಲ್ಲ. "ನೀರು ಕುದಿಯಲೇಬೇಕು ಲವ್. ಉಳಿದದ್ದು ಏನು ಬೇಕಾದರೂ ಹೆಚ್ಚುಕಮ್ಮಿ ಆಗಲಿ" ಎಂದರು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಕಾದರು.

ಇಂಗ್ಲಿಷ್ ಬ್ರೇಕ್‌ಫಾಸ್ಟ್ ಟೀ ತಗೊಳ್ಳಿ. ಅಸ್ಸಾಮಿನ ಎಲೆಯ ಗಟ್ಟಿತನ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಹಾಲು ಬೇರೆ ಜಗ್ಗಿನಲ್ಲಿ ಬರುತ್ತದೆ, ತಣ್ಣಗಿರುತ್ತದೆ. ನಮ್ಮ ಹಾಗೆ ಹಾಲು ಹಾಕಿ ಕುದಿಸುವುದಿಲ್ಲ, ಅದು ನೆನಪಿರಲಿ. ಅರ್ಲ್ ಗ್ರೇ ಕೂಡ ಇದೆ. ಅದರಲ್ಲಿ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಇರುತ್ತದೆ. ನನಗೆ ಆ ಘಮ ಜಾಸ್ತಿ ಅನ್ನಿಸುತ್ತದೆ. ಇಷ್ಟಪಡುವವರು ಬಹಳ ಜನ ಇದ್ದಾರೆ.

ನಾನು ಮೊದಲು ಹೋಗಿದ್ದು 2018ರ ಮೇ ಕೊನೆಯಲ್ಲಿ. ನಾನು ಕೆಲಸ ಮಾಡುವ ಲ್ಯಾಬಿನ ಗೆಳತಿಯೊಬ್ಬಳು ಕರೆದುಕೊಂಡು ಹೋದಳು. ಹ್ಯಾರಿ ಮತ್ತು ಮೇಗನ್ ಮದುವೆಯಾಗಿ ಒಂದು ವಾರ ಆಗಿತ್ತು. ಮದುಮಗಳು ಅಮೆರಿಕದವಳು, ಕ್ಯಾಲಿಫೋರ್ನಿಯಾದವಳು. ಹಾಗಾಗಿ ಇಲ್ಲಿನವರಿಗೆ ಅದು ಅವರ ಮನೆಯ ಮದುವೆಯೇ ಆಗಿಬಿಟ್ಟಿತ್ತು. ಗೆಳತಿ ಕಣ್ಣರಳಿಸಿ ಮಾಲಕಿಯನ್ನು ಕೇಳಿದಳು: "ನೋಡಿದ್ರಾ? ಅತ್ತುಬಿಟ್ರಾ?"

"ಅವತ್ತು ಶನಿವಾರ ಲವ್. ಅಂಗಡಿ ತುಂಬಾ ಜನ. ಮುನ್ನೂರು ಸ್ಕೋನ್ (ಟೀ ಜೊತೆ ತಿನ್ನುವ ಬನ್ನಿನಂಥ ತಿಂಡಿ) ಬೇಕ್ ಮಾಡಿದೆ" ಎಂದರು ಅವರು. ಅದು ಒರಟಾಗಿ ಹೇಳಿದ ಮಾತಲ್ಲ. ನಿಜವಾಗಿ ಆದದ್ದನ್ನು ಹೇಳಿದರು ಅಷ್ಟೇ. ಆಮೇಲೆ ಗೆಳತಿ ಆರಿಸಿದ ಬಟ್ಟೆಯನ್ನು ತೆಳು ಕಾಗದದಲ್ಲಿ ಸುತ್ತಿ, ಮಡಿಕೆ ಬೀಳದ ಹಾಗೆ ಉರುಳೆ ಮಾಡಿ ಕೊಟ್ಟರು. ಆ ತಿಂಗಳು ಅವರಿಗೆ ನಿಜವಾದ ದುಃಖ ಬೇರೆ ಇತ್ತು ಎಂದು ನನಗೆ ಎಷ್ಟೋ ದಿನ ಆದ ಮೇಲೆ ತಿಳಿಯಿತು. ಬಾರ್ನ್ಸ್ಲಿ ಫುಟ್‌ಬಾಲ್ ತಂಡ ಆ ಮೇ ತಿಂಗಳಲ್ಲೇ ಕೆಳಗಿನ ದರ್ಜೆಗೆ ಇಳಿದಿತ್ತು.

ಇಂಗ್ಲೆಂಡಿನವರೆಲ್ಲ ರಾಣಿಯನ್ನು ಪೂಜಿಸುತ್ತಾರೆ ಅಂತಲೇ ನಾನೂ ಅಂದುಕೊಂಡಿದ್ದೆ. ಹಾಗಾಗಿ ಒಂದು ದಿನ ಜನ ಕಮ್ಮಿ ಇದ್ದಾಗ ನೇರವಾಗಿ ಕೇಳಿದೆ, ನಿಮಗೆ ಅವರ ಮೇಲೆ ಸಿಟ್ಟಾ ಅಂತ. ಅವರು ತಲೆ ಅಲ್ಲಾಡಿಸಿದರು. ಸಿಟ್ಟು ಯಾಕೆ ಬರಬೇಕು, ಆಕೆ ನನಗೇನು ಮಾಡಿದ್ದಾರೆ ಎಂದರು. ಅರಮನೆ ಬೇಡವೇ ಬೇಡ ಎನ್ನುವವರು ಅಲ್ಲಿ ಇದ್ದಾರೆ. 2023ರ ಮೇ 6ರಂದು ಚಾರ್ಲ್ಸ್ ಪಟ್ಟಾಭಿಷೇಕದ ದಿನ ಲಂಡನ್ನಿನಲ್ಲಿ ಹಳದಿ ಅಂಗಿ ತೊಟ್ಟು ವಿರೋಧಿಸಲು ಬಂದವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಇವರು ಆ ಗುಂಪಿನವರೂ ಅಲ್ಲ. ವಿರೋಧಿಸಬೇಕಾದರೂ ದಿನಾ ಅದನ್ನೇ ಯೋಚಿಸಬೇಕು ಅಲ್ವಾ? ಇವರು ಯೋಚಿಸುವುದೇ ಇಲ್ಲ.

ಅವರು ಹೇಳಿದ್ದು ಇಷ್ಟು. ಆ ಮುಖ ದಿನಾ ಕೈಯಲ್ಲೇ ಇರುತ್ತಿತ್ತು. ಚಿಲ್ಲರೆ ಕಾಸಿನ ಮೇಲೆ, ನೋಟಿನ ಮೇಲೆ, ಅಂಚೆಚೀಟಿಯ ಮೇಲೆ. ಬ್ರಿಟನ್ನಿನ ಅಂಚೆಚೀಟಿಯ ಮೇಲೆ ದೇಶದ ಹೆಸರೇ ಇರುವುದಿಲ್ಲ, ಗೊತ್ತಾ? 1840ರಲ್ಲಿ ಮೊದಲ ಚೀಟಿ ಬಂದಾಗಿನಿಂದಲೂ ಇಲ್ಲ. ರಾಜನ ಅಥವಾ ರಾಣಿಯ ತಲೆ ಇದ್ದರೆ ಸಾಕು. ಹಾಗೆ ನಾಲಿಗೆಯಲ್ಲಿ ನೆಕ್ಕಿ ಲಕೋಟೆಗೆ ಅಂಟಿಸಿದ ಮುಖವನ್ನು ಮತ್ತೆ ನೋಡಲು ನೂಕುನುಗ್ಗಲಿನಲ್ಲಿ ಹೋಗಿ ನಿಲ್ಲಬೇಕು ಅಂತ ಅವರ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲವಂತೆ.

ಅಪ್ಪ ಗಣಿ ಕೆಲಸದವರು. 1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ಒಂದು ವರ್ಷ ಗಣಿ ಕಾರ್ಮಿಕರ ಮುಷ್ಕರ ನಡೆಯಿತಲ್ಲ, ಆಗ ಇವರಿಗೆ ಹದಿನಾರು. ಮನೆಗೆ ಸಂಬಳವಿಲ್ಲ. ಊರಿನ ಹೆಂಗಸರೆಲ್ಲ ಸೇರಿ ಸಮುದಾಯ ಭವನದಲ್ಲಿ ಅಡುಗೆ ಮಾಡಿ ಎಲ್ಲರಿಗೂ ಬಡಿಸುತ್ತಿದ್ದರು. ಇವರ ಅಮ್ಮನ ಪಾಲಿಗೆ ಬಂದದ್ದು ಟೀ. ಅಲ್ಯುಮಿನಿಯಂನ ದೊಡ್ಡ ಟೀಪಾಟು, ಹಿಂದೆ ಒಂದು ಹಿಡಿ, ಎತ್ತಿ ಬಗ್ಗಿಸಲು ಮುಂದೆ ಇನ್ನೊಂದು ಹಿಡಿ. ಆ ಪಾಟು ಈಗ ಓಹಿಯೋದ ಈ ಅಂಗಡಿಯ ಅಡುಗೆಮನೆಯಲ್ಲಿದೆ, ಕಿಟಕಿಯ ಮೇಲಿನ ಹಲಗೆಯಲ್ಲಿ. ಹೊಟ್ಟೆಯ ಒಂದು ಕಡೆ ತಗ್ಗಾಗಿದೆ. ಮುಚ್ಚಳದ ಗುಂಡಿ ಹೋಗಿ ಅಲ್ಲಿ ನೂಲು ಸುತ್ತುವ ಒಂದು ಮರದ ರೀಲು ಕೂರಿಸಿದ್ದಾರೆ. ಟೀ ಸಾಕಾಗುತ್ತಾ, ನೀರು ಕುದ್ದಿದೆಯಾ, ಎಷ್ಟು ಜನ ಬರುತ್ತಾರೆ, ಅವರಮ್ಮ ಆ ವರ್ಷ ಕೇಳುತ್ತಿದ್ದದ್ದು ಇಷ್ಟನ್ನೇ ಎಂದರು. ಅದನ್ನು ಹೇಳುವಾಗ ಆ ಪಾಟಿನ ಹಿಡಿಯ ಮೇಲೆ ಕೈ ಇಟ್ಟಿದ್ದರು.

ಅವರು ಅಮೆರಿಕದ ಪೌರತ್ವ ತಗೊಂಡ ದಿನದ ಮಾತು ಕೂಡ ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಪೌರತ್ವಕ್ಕೆ ಒಂದು ಪ್ರತಿಜ್ಞೆ ಓದಬೇಕು. ಯಾವುದೇ ಪರದೇಶದ ರಾಜಕುಮಾರನಿಗೆ, ಒಡೆಯನಿಗೆ, ದೇಶಕ್ಕೆ ಇರುವ ನಿಷ್ಠೆಯನ್ನು ಪೂರ್ತಿ ಬಿಟ್ಟುಕೊಡುತ್ತೇನೆ ಎಂದು ಅದರಲ್ಲಿ ಬರುತ್ತದೆ. ಅತ್ತೆ ಮನೆಯ ಕಡೆಯವರು ಒಬ್ಬೊಬ್ಬರಾಗಿ ಬಂದು, ರಾಣಿಯನ್ನು ಬಿಡುವಾಗ ಕಷ್ಟವಾಯಿತಾ ಅಂತ ಕೇಳಿದರಂತೆ. ನಿಜವಾಗಿಯೂ ಕನಿಕರದಿಂದಲೇ ಕೇಳಿದರಂತೆ. ಇವರಿಗೆ ಆ ಸಾಲು ಓದುವಾಗ ಗಂಟಲು ಕಟ್ಟಿದ್ದು ನಿಜ. ನೆನಪಾದದ್ದು ಮಾತ್ರ ಅಪ್ಪ. ಬ್ರಿಟನ್ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ, ಹಾಗಾಗಿ ಹಳೆಯ ಪಾಸ್‌ಪೋರ್ಟ್ ಈಗಲೂ ಇದೆ. ಭಾರತ ಬಿಡುವುದಿಲ್ಲ. ನನ್ನ ಸರದಿ ಬಂದಾಗ ಆ ಸಾಲನ್ನು ನಾನು ಹೇಗೆ ಓದುತ್ತೇನೋ, ಈಗಲೇ ಯೋಚನೆ ಆಗುತ್ತದೆ.

ತಿಂಡಿಯ ವಿಷಯಕ್ಕೆ ಬರುತ್ತೇನೆ. ಎರಡು ಸ್ಕೋನ್, ಜಾಮ್, ಕ್ರೀಮ್, ಒಂದು ಪಾಟು ಟೀ ಸೇರಿ 14 ಡಾಲರ್. ಮೂರು ಅಂತಸ್ತಿನ ತಟ್ಟೆಯಲ್ಲಿ ಬರುವ ದೊಡ್ಡ ಆಫ್ಟರ್‌ನೂನ್ ಟೀ ಒಬ್ಬರಿಗೆ 34 ಡಾಲರ್, ಟಿಪ್ಸು ಬೇರೆ. ನನ್ನ ಮಾತು ಕೇಳಿದರೆ ಮೊದಲನೆಯದೇ ಸಾಕು. ಸ್ಕೋನ್ ಬೆಳಿಗ್ಗೆ ಏಳಕ್ಕೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಒಲೆಯಿಂದ ಇಳಿಯುತ್ತದೆ. ಹನ್ನೊಂದೂಕಾಲಕ್ಕೆ ಹೋಗಿ. ಕೈಯಲ್ಲಿ ಮುರಿದರೆ ಪದರ ಬಿಡಬೇಕು, ಪುಡಿಯಾಗಬಾರದು. ಇಲ್ಲಿನದು ಪದರ ಬಿಡುತ್ತದೆ. ಕ್ರೀಮ್ ಮೊದಲಾ ಜಾಮ್ ಮೊದಲಾ ಅಂತ ಇಂಗ್ಲೆಂಡಿನಲ್ಲಿ ಡೆವನ್‌ನವರಿಗೂ ಕಾರ್ನ್‌ವಾಲ್‌ನವರಿಗೂ ದೊಡ್ಡ ಜಗಳವೇ ಇದೆ. ಡೆವನ್‌ನಲ್ಲಿ ಕ್ರೀಮ್ ಮೊದಲು, ಕಾರ್ನ್‌ವಾಲ್‌ನಲ್ಲಿ ಜಾಮ್ ಮೊದಲು. ಬಿಸಿ ಸ್ಕೋನಿನ ಮೇಲೆ ಕ್ರೀಮ್ ಮೊದಲು ಹಾಕಿದರೆ ಕರಗಿ ಹರಿಯುತ್ತದೆ. ಹಾಗಾಗಿ ನಾನು ಜಾಮ್ ಕಡೆ.

ಕ್ರೀಮೇ ಇಲ್ಲಿನ ಒಂದು ಕೊರತೆ. ಅದು ಕ್ಲಾಟೆಡ್ ಕ್ರೀಮ್, ಹಾಲಿನ ಕೆನೆಯನ್ನು ನಿಧಾನವಾಗಿ ಕಾಯಿಸಿ ಗಟ್ಟಿ ಮಾಡಿದ್ದು. ತಾಜಾ ಇದ್ದರೆ ಮೇಲೆ ನಮ್ಮ ಕೆನೆಯ ಹಾಗೆಯೇ ಹಳದಿ ಪದರ ಕಟ್ಟುತ್ತದೆ. ಇಲ್ಲಿ ಸಿಗುವುದು ಸೀಸೆಯಲ್ಲಿ ಬರುವ ಆಮದು ಮಾಲು. ನುಣ್ಣಗಿದೆ, ಕೆಟ್ಟದ್ದೇನಲ್ಲ, ಆದರೆ ಆ ಪದರ ಇಲ್ಲ. ತಾವೇ ಮಾಡಿ ನೋಡಿದರಂತೆ, ಇಲ್ಲಿ ಸಿಗುವ ಹಾಲಿನಲ್ಲಿ ಮನಸ್ಸಿಗೆ ಒಪ್ಪುವ ಹಾಗೆ ಬರಲಿಲ್ಲವಂತೆ.

ಕೊರೊನೇಷನ್ ಚಿಕನ್ ಸ್ಯಾಂಡ್‌ವಿಚ್ ಬಗ್ಗೆ ಹೇಳಲೇಬೇಕು. 1953ರಲ್ಲಿ ಎಲಿಜಬೆತ್ ಪಟ್ಟಾಭಿಷೇಕದ ಔತಣಕ್ಕೆ ಕಾನ್‌ಸ್ಟನ್ಸ್ ಸ್ಪ್ರೈ ಮತ್ತು ರೋಸ್‌ಮರಿ ಹ್ಯೂಮ್ ಎಂಬ ಇಬ್ಬರು ರೂಪಿಸಿದ ಅಡುಗೆ ಅದು. ತಣ್ಣಗಿನ ಕೋಳಿ, ಮಯೋನೀಸ್, ಏಪ್ರಿಕಾಟ್, ಮತ್ತೆ ಕರಿ ಪೌಡರ್. ಕರಿ ಪೌಡರ್ ಎಂದ ಕೂಡಲೇ ನಾನು ಸ್ವಲ್ಪ ಹಿಂಜರಿದೆ. ಆದರೆ ಇವರು ಪುಡಿಯನ್ನು ಮೊದಲು ಬೆಣ್ಣೆಯಲ್ಲಿ ಈರುಳ್ಳಿ ಜೊತೆ ಹುರಿಯುತ್ತಾರೆ. ಹಸಿ ವಾಸನೆ ಹೋಗಿರುತ್ತದೆ. ಸಿಹಿ ಜಾಸ್ತಿ, ಖಾರ ಇಲ್ಲವೇ ಇಲ್ಲ, ಆದರೂ ಒಂದಾದ ಮೇಲೆ ಇನ್ನೊಂದು ತಿನ್ನಿಸುತ್ತದೆ. ಇದು ಯಾವ ರಾಣಿಗೆ ಮಾಡಿದ್ದು ಎಂದು ಕೇಳುವವರಿಗೆ ಮಾಲಕಿ ಈ ಹುರಿಯುವ ವಿಷಯವನ್ನೇ ಹೇಳುತ್ತಾರೆ.

ಮಾಂಸ ತಿನ್ನದವರಿಗೆ ಸೌತೆಕಾಯಿ ಸ್ಯಾಂಡ್‌ವಿಚ್, ಚೆಡ್ಡಾರ್ ಚೀಸ್ ಮತ್ತು ಬ್ರಾನ್ಸ್ಟನ್ ಪಿಕಲ್ ಸ್ಯಾಂಡ್‌ವಿಚ್ ಇದೆ. ಪಿಕಲ್ ಎಂದರೆ ನಮ್ಮ ಉಪ್ಪಿನಕಾಯಿ ಅಲ್ಲ, ತರಕಾರಿಯ ಹುಳಿ ಸಿಹಿ ಗೊಜ್ಜು. ಮೊಟ್ಟೆಯನ್ನೂ ತಿನ್ನದವರಿಗೆ ಒಂದು ಮಾತು: ಇಲ್ಲಿನ ಸ್ಕೋನ್ ಹಿಟ್ಟಿಗೆ ಮೊಟ್ಟೆ ಬೀಳುವುದಿಲ್ಲ, ಹೊಳಪಿಗೆ ಮೇಲೆ ಮಾತ್ರ ಸವರುತ್ತಾರೆ. ಹಿಂದಿನ ದಿನ ಫೋನ್ ಮಾಡಿದರೆ ಹಾಲು ಸವರಿ ಬೇರೆ ಟ್ರೇಯಲ್ಲಿ ಸುಟ್ಟುಕೊಡುತ್ತಾರೆ. ನನ್ನ ಅಮ್ಮನಿಗೆ ಹಾಗೆ ಮಾಡಿದರು, ಆಮೇಲೆ ಕೇಳಿದವರಿಗೆಲ್ಲ ಮಾಡುತ್ತಿದ್ದಾರೆ.

ಬುಧವಾರ ಹೋದರೆ ಮೂಲೆಯ ಮೇಜಿನಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಸಿಗುತ್ತಾರೆ. ಎಂಬತ್ತರ ಹತ್ತಿರ. ತಲೆಗೆ ಹ್ಯಾಟು, ಎದೆಗೆ ಬ್ರೂಚು. ಅವರಿಗೆ ಯಾವ ಮದುವೆ ಯಾವ ಚರ್ಚಿನಲ್ಲಿ, ಯಾರ ಮುಡಿಗೆ ಯಾವ ಟಿಯಾರಾ, ಎಲ್ಲ ಬಾಯಿಪಾಠ. ಮನೆತನದ ಹೆಸರು 1917ರಲ್ಲಿ ವಿಂಡ್ಸರ್ ಎಂದು ಬದಲಾದದ್ದು, 1939ರಲ್ಲಿ ರಾಣಿಯ ತಂದೆ ಆರನೇ ಜಾರ್ಜ್ ಅಮೆರಿಕಕ್ಕೆ ಬಂದು ಆಗಿನ ಅಧ್ಯಕ್ಷ ರೂಸ್‌ವೆಲ್ಟರ ಮನೆಯ ಪಿಕ್‌ನಿಕ್‌ನಲ್ಲಿ ಹಾಟ್ ಡಾಗ್ ತಿಂದದ್ದು, ಎಲ್ಲ ನಾನು ಕೇಳಿದ್ದು ಅವರಿಂದಲೇ. ಮಾಲಕಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಮೊದಮೊದಲು ನನಗೂ ಆ ಅಜ್ಜಿಯದು ಸ್ವಲ್ಪ ಅತಿ ಅನ್ನಿಸುತ್ತಿತ್ತು. ರಾಜ ಬೇಡ ಅಂತಲೇ 1776ರಲ್ಲಿ ಬೇರೆಯಾದ ದೇಶ ಇದು. ಯಾರಿಗೂ ಲಾರ್ಡ್, ಡ್ಯೂಕ್‌ನಂಥ ಬಿರುದು ಕೊಡಬಾರದು ಎಂದು ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಮತ್ತೆ ಯಾಕೆ ಇಷ್ಟೊಂದು ಹಂಬಲ? ಒಂದು ಬುಧವಾರ ಅವರೇ ಹೇಳಿದರು. 1981ರ ಜುಲೈ 29, ಚಾರ್ಲ್ಸ್ ಮತ್ತು ಡಯಾನಾ ಮದುವೆ. ಲಂಡನ್ನಿನಲ್ಲಿ ಬೆಳಗಿನ ಹನ್ನೊಂದು ಗಂಟೆ ದಾಟಿದ್ದರೆ ಓಹಿಯೋದಲ್ಲಿ ಇನ್ನೂ ಆರು ದಾಟಿದ ಹೊತ್ತು. ಅವರೂ ಅವರ ತಾಯಿಯೂ ನಾಲ್ಕಕ್ಕೆ ಎದ್ದು, ರಾತ್ರಿಯುಡುಗೆಯ ಮೇಲೆಯೇ ಹ್ಯಾಟು ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. ತಾಯಿಗೆ ಆಗಲೇ ಕಾಯಿಲೆ. ಆ ಬೆಳಿಗ್ಗೆ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಚಳಿಗಾಲ ತಾಯಿ ತೀರಿಕೊಂಡರು. ಆಮೇಲಿನ ಪ್ರತಿ ಮದುವೆಗೂ, ಪ್ರತಿ ಜುಬಿಲಿಗೂ ಅಜ್ಜಿ ಬೆಳಗಿನ ಜಾವ ಎದ್ದು ಹ್ಯಾಟು ಹಾಕಿಕೊಳ್ಳುತ್ತಾರೆ.

ಮಾಲಕಿಗೆ ಇದು ಮೊದಲೇ ಗೊತ್ತಿತ್ತು. ಪಟ್ಟಾಭಿಷೇಕದ ದಿನ ಬೆಳಗಿನ ಐದಕ್ಕೆ ಅಂಗಡಿ ತೆಗೆದು, ಗೋಡೆಗೆ ದೊಡ್ಡ ಟಿವಿ ಹಾಕಿಸಿದ್ದು ಬಹುಮಟ್ಟಿಗೆ ಆ ಅಜ್ಜಿಗಾಗಿಯೇ. ಇಲ್ಲಿನ ಆರು ಗಂಟೆಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲಿ ಪೂಜೆ ಶುರು, ಏಳಕ್ಕೆಲ್ಲ ಕಿರೀಟ. ನಾನೂ ಹೋಗಿದ್ದೆ. ನಲವತ್ತು ಜನ ಎದ್ದು ನಿಂತರು. ಮಾಲಕಿ ಆ ಹೊತ್ತಿಗೆ ಒಲೆಯಿಂದ ಟ್ರೇ ಇಳಿಸುತ್ತಿದ್ದರು, ತಲೆ ಎತ್ತಿ ನೋಡಲಿಲ್ಲ. ಆದರೆ ಅಜ್ಜಿಗೆ ಎಲ್ಲರಿಗಿಂತ ಮೊದಲು, ತಾವೇ ಟೀ ತಂದುಕೊಟ್ಟರು. ಹಿಡಿ ಅಜ್ಜಿಯ ಬಲಗೈ ಕಡೆ ಬರುವ ಹಾಗೆ ಕಪ್ಪು ತಿರುಗಿಸಿ ಇಟ್ಟರು. ಎಡಗೈಯಲ್ಲಿ ಅವರಿಗೆ ನಡುಕ ಇದೆ.

ರಾಣಿ ತೀರಿಕೊಂಡ ದಿನದ ಕಥೆ ಇನ್ನೂ ಬೇರೆ. 2022ರ ಸೆಪ್ಟೆಂಬರ್ 8. ಇಲ್ಲಿ ಮಧ್ಯಾಹ್ನ ಒಂದೂವರೆಗೆ ಸುದ್ದಿ ಬಂತು. ಎರಡು ಗಂಟೆಗೆಲ್ಲ ಅಂಗಡಿ ಬಾಗಿಲಲ್ಲಿ ಹೂವು ಬೀಳಲು ಶುರು. ಸಾವಿನ ಮನೆಗೆ ಬಂದ ಹಾಗೆ ಜನ ಬಂದರು. ಬ್ಯಾಂಕಿನವರು, ಟೀಚರುಗಳು, ಎಂದೂ ಒಳಗೆ ಕಾಲಿಡದವರು. ಮಾಲಕಿಯ ಕೈ ಹಿಡಿದುಕೊಂಡು, ನಿಮಗೆ ಎಷ್ಟು ನೋವಾಗಿದೆಯೋ ಎಂದು ಕಣ್ಣೀರು ಹಾಕಿದರು. ಲ್ಯಾಬ್ ಮುಗಿಸಿ ನಾನು ಹೋದಾಗ ಆರು ದಾಟಿತ್ತು. ಅವರ ಕಣ್ಣು ಒಣಗಿತ್ತು, ಮುಖ ಮಾತ್ರ ಬಹಳ ಬಳಲಿತ್ತು. "ನನಗೆ ಏನೂ ಅನ್ನಿಸುತ್ತಿಲ್ಲ ಲವ್. ಆದರೆ ಇವರಿಗೆ ಅದನ್ನು ಹೇಗೆ ಹೇಳಲಿ? ದುಃಖ ಇರುವುದು ಇವರಿಗೆ. ಅದನ್ನು ಇಡುವುದಕ್ಕೆ ಇವರಿಗೆ ಬೇರೆ ಜಾಗ ಇಲ್ಲ" ಎಂದರು.

ಅಷ್ಟು ಹೂವಿಗೆ ಹೂದಾನಿ ಎಲ್ಲಿಂದ ತರುವುದು? ಇದ್ದಬದ್ದ ಜಗ್ಗುಗಳೆಲ್ಲ ತುಂಬಿದವು. ಕೊನೆಗೆ ಅವರು ಸ್ಟೂಲು ಹಾಕಿ ಹತ್ತಿ, ಅಮ್ಮನ ಅಲ್ಯುಮಿನಿಯಂ ಟೀಪಾಟನ್ನು ಕೆಳಗಿಳಿಸಿದರು. ಮುಚ್ಚಳ ಪಕ್ಕಕ್ಕಿಟ್ಟು, ನೀರು ತುಂಬಿ, ಉಳಿದ ಹೂವನ್ನೆಲ್ಲ ಅದರೊಳಗೆ ಇಟ್ಟರು. ಕಾಂಡಗಳನ್ನು ಒಂದೊಂದಾಗಿ ಓರೆಯಾಗಿ ಕತ್ತರಿಸಿಯೇ ಇಟ್ಟರು, ಬೇಗ ಬಾಡಬಾರದು ಅಂತ. ಸೆಪ್ಟೆಂಬರ್ 19ರ ಅಂತ್ಯಕ್ರಿಯೆಯವರೆಗೂ ಅವು ಮುಂದಿನ ಕಿಟಕಿಯಲ್ಲಿದ್ದವು. ನೀರನ್ನು ದಿನಾ ಬದಲಾಯಿಸುತ್ತಿದ್ದರು.

ಹೋದ ವರ್ಷ ಬೆಂಗಳೂರಿನಿಂದ ಅಮ್ಮ ಬಂದಿದ್ದರು. ಒಂದು ಬುಧವಾರ ಕರೆದುಕೊಂಡು ಹೋದೆ. ಅಮ್ಮ ಟೀ ಕುಡಿದು ಮೊದಲು ಹೇಳಿದ್ದು "ಬಿಸಿ ಇದೆಯಲ್ಲೇ!" ಅಂತ. ಈ ದೇಶಕ್ಕೆ ಬಂದ ಮೇಲೆ ಹೊರಗಡೆ ಅವರಿಗೆ ಸಿಕ್ಕ ಮೊದಲ ಬಿಸಿ ಟೀ ಅದು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಮಾಲಕಿಯ ಮುಖ ಅರಳಿತು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಆಮೇಲೆ ಅಮ್ಮ ಕಪಾಟಿನ ಕಡೆ ನೋಡಿ, "ಈಯಮ್ಮನ್ನ ನಾನು ನೋಡಿದೀನಿ ಕಣೇ" ಎಂದರು. ನನಗೇ ಗೊತ್ತಿರಲಿಲ್ಲ. 1961ರ ಫೆಬ್ರವರಿಯಲ್ಲಿ ರಾಣಿ ಬೆಂಗಳೂರಿಗೆ ಬಂದಿದ್ದರು. ಅಮ್ಮನಿಗೆ ಆಗ ಎಂಟು ವರ್ಷ. ಶಾಲೆಯವರು ಮಕ್ಕಳನ್ನೆಲ್ಲ ರಸ್ತೆ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಕೈಗೆ ಕಾಗದದ ಬಾವುಟ ಕೊಟ್ಟಿದ್ದರಂತೆ. ಬಿಸಿಲಿನಲ್ಲಿ ಎರಡು ಗಂಟೆ. ಕಾರು ಬಂತು, ಹೋಯಿತು. ಅಮ್ಮನಿಗೆ ಕಂಡದ್ದು ಒಂದು ಬಿಳಿ ಕೈಗವಸು ಅಷ್ಟೇ. ಮಣಿಕಟ್ಟಿನಲ್ಲಿ ಒಂದು ಸಣ್ಣ ಗುಂಡಿ ಇತ್ತು ಎಂದು ಅಮ್ಮ ತಮ್ಮ ಮಣಿಕಟ್ಟು ಮುಟ್ಟಿ ತೋರಿಸಿದರು.

ಮೂಲೆಯ ಅಜ್ಜಿ ಕಪ್ಪು ಕೆಳಗಿಟ್ಟು ಎದ್ದು ಬಂದರು. ಅವರು 2007ರ ಮೇ ತಿಂಗಳಲ್ಲಿ ರಾಣಿ ಕೆಂಟಕಿ ಡರ್ಬಿ ಕುದುರೆ ರೇಸಿಗೆ ಬರುತ್ತಾರೆ ಎಂದು ತಿಳಿದು ಲೂಯಿವಿಲ್‌ವರೆಗೆ ಕಾರು ಓಡಿಸಿಕೊಂಡು ಹೋಗಿದ್ದವರು. ಟಿಕೆಟ್ಟಿನಲ್ಲಿ ಸಿಕ್ಕ ಜಾಗ ರೇಸ್ ಪಥದ ಒಳಗಿನ ಹುಲ್ಲುಹಾಸು. ರಾಣಿ ಕೂತ ಕಟ್ಟಡವೇ ಸರಿಯಾಗಿ ಕಾಣಲಿಲ್ಲವಂತೆ. ಅವರು ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು, ಅಮ್ಮನ ಎರಡೂ ಕೈ ಹಿಡಿದುಕೊಂಡು, ಆ ಗುಂಡಿ ಯಾವ ಬಣ್ಣದ್ದು ಎಂದು ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಾನು ನಡುವೆ ಕೂತು ಹೇಳುತ್ತಾ ಹೋದೆ. ಮುತ್ತಿನ ಬಣ್ಣ ಎಂದರು ಅಮ್ಮ. ಆಮೇಲೆ ಇಬ್ಬರೂ ನನ್ನನ್ನು ಬಿಟ್ಟು ತಮ್ಮಷ್ಟಕ್ಕೆ ಮಾತಾಡಿಕೊಂಡರು, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ.

ಮಾಲಕಿ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಾನು ಒಂದು ಸಲವೂ ನೋಡಲಿಲ್ಲ" ಎಂದರು ನನಗೆ. 1977ರ ಜುಬಿಲಿಗೆ ಅವರ ಬೀದಿಯಲ್ಲೂ ಊಟ ಹಾಕಿದ್ದರಂತೆ. ಅವರಿಗೆ ನೆನಪಿರುವುದು ಮಳೆ, ನೆಂದು ಮೆತ್ತಗಾದ ಬ್ರೆಡ್ಡು, ಮತ್ತೆ ಶಾಲೆಯಲ್ಲಿ ಕೊಟ್ಟ ಒಂದು ಮಗ್ಗು. ಆ ಮಗ್ಗು ಈಗಲೂ ಇದೆ. ಒಲೆ ಪಕ್ಕದಲ್ಲಿ, ಟೀ ಸೋಸುವ ಜರಡಿಗಳನ್ನು ಅದರಲ್ಲಿ ನಿಲ್ಲಿಸಿದ್ದಾರೆ. ರಾಣಿಯ ಮುಖ ತೊಳೆದು ತೊಳೆದು ಅರ್ಧ ಅಳಿಸಿದೆ. ಅಳತೆ ಸರಿಯಾಗಿದೆ, ಜರಡಿ ಬೀಳುವುದಿಲ್ಲ, ಅದಕ್ಕೆ ಇಟ್ಟುಕೊಂಡಿದ್ದೇನೆ ಎಂದರು. ಅಂದು ಅಮ್ಮನಿಗೂ ಅಜ್ಜಿಗೂ ಮತ್ತೊಂದು ಪಾಟು ಟೀ ಬಂತು, ಬಿಲ್ಲಿನಲ್ಲಿ ಸೇರಿಸಲಿಲ್ಲ.

ಹೋಗುವವರಿಗೆ ಕೆಲವು ಮಾತು. ಸೋಮವಾರ ರಜಾ. ಶನಿವಾರ ಮೊದಲೇ ಮೇಜು ಹಿಡಿಯದಿದ್ದರೆ ಒಂದು ಗಂಟೆ ನಿಲ್ಲಬೇಕು, ಮಕ್ಕಳಿದ್ದರೆ ಕಷ್ಟ. ಕಾರು ನಿಲ್ಲಿಸಲು ಕೋರ್ಟ್ ಹಿಂದೆ ಜಾಗ ಇದೆ, ದುಡ್ಡು ಕೊಡಬೇಕಿಲ್ಲ. ದಿನಸಿಯ ಬೆಲೆ ಇಂಟರ್ನೆಟ್ಟಿಗಿಂತ ಒಂದೆರಡು ಡಾಲರ್ ಜಾಸ್ತಿ, ಆದರೆ ಟೀ ಯಾವಾಗಲೂ ಹೊಸ ಪ್ಯಾಕೆಟ್ಟು. ಅವಸರದಲ್ಲಿ ಹೋಗಬೇಡಿ, ನಾಲ್ಕು ನಿಮಿಷಕ್ಕೆ ಮೊದಲು ಪಾಟು ಮೇಜಿಗೆ ಬರುವುದಿಲ್ಲ. ರಾಜಮನೆತನದ ಸುದ್ದಿ ಕೇಳಬೇಕು ಅನ್ನಿಸಿದರೆ ಬುಧವಾರ ಹೋಗಿ ಮೂಲೆಯ ಮೇಜಿನ ಪಕ್ಕ ಕೂತುಕೊಳ್ಳಿ. ಅಜ್ಜಿ ತಾವಾಗಿಯೇ ಶುರು ಮಾಡುತ್ತಾರೆ. ಬೆಂಗಳೂರಿನವರು ಎಂದು ಹೇಳಿ, ಕೈಗವಸಿನ ವಿಷಯ ಖಂಡಿತ ಕೇಳುತ್ತಾರೆ.